ಡಲ್ಲಾಸ್‌ನಿಂದ ಅರಿಜೋನಾಕ್ಕೆ, ಹಿಂದೆ ಕಾರು ಕಟ್ಟಿಕೊಂಡು

ಮಾರ್ಚ್‌ನಲ್ಲಿ ನಾವು ಟೆಕ್ಸಸ್ ಬಿಟ್ಟು ಅರಿಜೋನಾಕ್ಕೆ ಮನೆ ಬದಲಾಯಿಸಿದೆವು. ಡಲ್ಲಾಸ್ ಪಕ್ಕದ ಇರ್ವಿಂಗ್‌ನಿಂದ ಚಾಂಡ್ಲರ್‌ಗೆ ಸುಮಾರು 1,040 ಮೈಲಿ. ನಮ್ಮ ಹತ್ತಿರ ಇದ್ದದ್ದು ಒಂದು ಪಿಕಪ್, ಒಂದು ಹಳೇ ಕ್ಯಾಮ್ರಿ ಕಾರು. ಅಷ್ಟು ದೂರ ಒಬ್ಬಳೇ ಕಾರು ಓಡಿಸಲು ಹೆಂಡತಿಗೆ ಇಷ್ಟವಿರಲಿಲ್ಲ. ಹಾಗಾಗಿ ಟ್ರೇಲರ್ ಬಾಡಿಗೆಗೆ ತಂದು, ಕಾರನ್ನು ಅದರ ಮೇಲೆ ಹತ್ತಿಸಿ, ಪಿಕಪ್‌ಗೆ ಕಟ್ಟಿಕೊಂಡು ಹೊರಟೆವು. ಇದೇ ಕೆಲಸಕ್ಕೆ ಇಳಿಯುವವರಿಗೆ ನಮ್ಮ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ತೂಕದ ಲೆಕ್ಕ. ನಾವು ತಂದ ಟ್ರೇಲರ್ ಖಾಲಿ ಇದ್ದಾಗಲೇ 2,210 ಪೌಂಡ್. ಕ್ಯಾಮ್ರಿ ಸುಮಾರು 3,300. ಎರಡೂ ಸೇರಿ 5,500 ದಾಟಿತು, ಅಂದರೆ ಎರಡೂವರೆ ಟನ್. ಪಿಕಪ್ ಎಷ್ಟು ಎಳೆಯುತ್ತದೆ ಅಂತ ಜಾಹೀರಾತು ನೋಡಿ ನಂಬಬೇಡಿ. ಗಾಡಿಯ ಕೆಳಗೆ ಬಗ್ಗಿ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿರುವ ಸ್ಟಿಕ್ಕರ್ ಓದಿ. ಕೆಲವು ಪಿಕಪ್‌ಗಳಲ್ಲಿ ಬರೀ ಬಾಲ್ (ಹಿಚ್‌ಗೆ ಹಾಕುವ ಕಬ್ಬಿಣದ ಗುಂಡು) ಮೇಲೆ ಎಳೆಯುವುದಾದರೆ 5,000 ಪೌಂಡ್‌ಗೇ ಮಿತಿ ಇರುತ್ತದೆ. ಇನ್ನೊಂದು ಸ್ಟಿಕ್ಕರ್ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿದೆ. ಗಾಡಿ ತನ್ನ ಮೈಮೇಲೆ ಎಷ್ಟು ಹೊರಬಹುದು ಅಂತ ಅದು ಹೇಳುತ್ತದೆ. ಟ್ರೇಲರ್‌ನ ಒಟ್ಟು ತೂಕದಲ್ಲಿ 10ರಿಂದ 15 ಪರ್ಸೆಂಟ್ ಹಿಚ್ ಮೇಲೆ ಕೂರುತ್ತದಲ್ಲ, ಅದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಪಿಕಪ್ಪನ್ನೂ ಬಾಡಿಗೆಗೆ ತರುವ ಯೋಚನೆ ಇದ್ದರೆ ಕರಾರು ಪತ್ರ ಓದಿ. ಕಾರ್ ಬಾಡಿಗೆ ಕಂಪನಿಗಳಲ್ಲಿ ಹೆಚ್ಚಿನವು ಟ್ರೇಲರ್ ಎಳೆಯಲು ಬಿಡುವುದಿಲ್ಲ.

ಟ್ರೇಲರ್ ಸಿಕ್ಕಿಸಿದ ಮೇಲೆ ಬಾಲ್ ಸರಿಯಾಗಿ ಕೂತಿದೆಯೇ, ಎರಡು ಸರಪಳಿಗಳು ಕೆಳಗೆ ಕತ್ತರಿ ಹಾಕಿದ ಹಾಗೆ ಅಡ್ಡಡ್ಡ ಬಂದಿವೆಯೇ, ಲೈಟ್ ಉರಿಯುತ್ತಿವೆಯೇ ಅಂತ ನೀವೇ ನೋಡಿ. ಅಂಗಡಿಯವರು ನೋಡಿದ್ದಾರಲ್ಲ ಅಂತ ಸುಮ್ನೆ ಹೊರಡಬೇಡಿ. ಕಾರನ್ನು ಮುಖ ಮುಂದಕ್ಕಿಟ್ಟೇ ಹತ್ತಿಸಬೇಕು. ಎಂಜಿನ್ ಮುಂದಿದ್ದರೆ ಭಾರವೂ ಮುಂದೆ. ನಮ್ಮ ಕಾರಿನ ಮುಂದಿನ ಬಂಪರ್ ರ‍್ಯಾಂಪ್‌ಗೆ ಉಜ್ಜಿತು. ಎರಡು ಮರದ ಹಲಗೆ ಇಟ್ಟು ಏರು ಸ್ವಲ್ಪ ಕಡಿಮೆ ಮಾಡಿದ ಮೇಲೆ ಸಲೀಸಾಗಿ ಹತ್ತಿತು. ಚಕ್ರಕ್ಕೆ ಪಟ್ಟಿ ಬಿಗಿದು, ಹ್ಯಾಂಡ್‌ಬ್ರೇಕ್ ಎಳೆದು ಹೊರಡಿ. ಐದಾರು ಮೈಲಿಯಲ್ಲೇ ಒಮ್ಮೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ. ನಮ್ಮದು ಅಷ್ಟರಲ್ಲೇ ಎರಡು ಬೆರಳು ಸಡಿಲವಾಗಿತ್ತು.

ಇನ್ನು ನಮ್ಮ ದೊಡ್ಡ ತಪ್ಪು. ಸಾಮಾನೆಲ್ಲ ಮೂವರ್ಸ್ ಲಾರಿಯಲ್ಲಿ ಹೋಗಿತ್ತು. ಕೊನೆಗೆ ಉಳಿದ ಪುಸ್ತಕದ ಡಬ್ಬಗಳು, ಅಕ್ಕಿ ಮೂಟೆ, ಇಡ್ಲಿ ಹಿಟ್ಟಿನ ಗ್ರೈಂಡರ್ ಎಲ್ಲವನ್ನೂ ಕಾರಿನ ಡಿಕ್ಕಿಗೆ ತುಂಬಿದೆ. ಜಾಗ ಖಾಲಿ ಇತ್ತಲ್ಲ! ಕಾರಿನಲ್ಲಿ ಸಾಮಾನು ತುಂಬಬೇಡಿ ಅಂತ ಬಾಡಿಗೆ ಕಾಗದದಲ್ಲೇ ಬರೆದಿತ್ತು. ಓದಿದ್ದೆ ಕೂಡ.

ಅಬಿಲೀನ್ ದಾಟಿ ಸ್ವೀಟ್‌ವಾಟರ್ ಹತ್ತಿರ ಬಂದಾಗ ರಸ್ತೆಯ ಎರಡೂ ಬದಿ ನೂರಾರು ಗಾಳಿಯಂತ್ರಗಳು. ನಮ್ಮ ಚಿತ್ರದುರ್ಗದ ಗುಡ್ಡಗಳು ನೆನಪಾದವು. ಅಷ್ಟು ಗಾಳಿಯಂತ್ರ ನೆಟ್ಟಿದ್ದಾರೆ ಅಂದರೆ ಅಲ್ಲಿ ಗಾಳಿ ಎಷ್ಟಿರಬೇಕು ಅಂತ ಆಗ ಹೊಳೆಯಲಿಲ್ಲ ನೋಡಿ. ಟ್ರೇಲರ್‌ಗೆ ಹೇಳಿದ ವೇಗದ ಮಿತಿ ಗಂಟೆಗೆ 55 ಮೈಲಿ. ಸಣ್ಣ ಇಳಿಜಾರಿನಲ್ಲಿ ನಾನು 66ರಲ್ಲಿದ್ದೆ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ದಾಟಿತು, ಅದೇ ಹೊತ್ತಿಗೆ ಅಡ್ಡಗಾಳಿ ಹೊಡೆಯಿತು, ಟ್ರೇಲರ್ ಬಾಲ ಆಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಅಗಲ. ಹಿಂದಿನ ಎರಡೂವರೆ ಟನ್ ನಮ್ಮ ಪಿಕಪ್ಪನ್ನೇ ಅಲ್ಲಾಡಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಕಾಲು ತಾನಾಗಿ ಬ್ರೇಕ್‌ಗೆ ಹೋಗುತ್ತದೆ. ಒತ್ತಬೇಡಿ. ಟ್ರೇಲರ್ ವಾಲಿದ ಕಡೆಗೆ ಸ್ಟಿಯರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಬಿಗಿಯಾಗಿ ಹಿಡಿದುಕೊಳ್ಳಿ. ವೇಗ ಇಳಿದಂತೆ ಅದೇ ನಿಲ್ಲುತ್ತದೆ. 45ಕ್ಕೆ ಬರುವಷ್ಟರಲ್ಲಿ ನಿಂತಿತು. ಆ ಕೆಲವು ಸೆಕೆಂಡು ಹೆಂಡತಿ ಒಂದು ಮಾತೂ ಆಡಲಿಲ್ಲ. ಆಮೇಲೆ ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಸ್ವೀಟ್‌ವಾಟರ್‌ನಲ್ಲಿ ನಿಲ್ಲಿಸಿ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ, ಅಪ್ಪ ಇನ್ನೂ ಎದ್ದಿದ್ದರು. ಎಲ್ಲ ಕೇಳಿಸಿಕೊಂಡು, "ಡಿಕ್ಕೀಲಿ ಏನಿಟ್ಟಿದ್ದೀಯ?" ಅಂದರು. ಹೇಳಿದೆ. "ಹಿಂಭಾರ ಆಗಿದೆ ಕಣೋ. ಗಾಡೀಲಿ ಹಿಂದಕ್ಕೆ ಜಾಸ್ತಿ ಹೇರಿದ್ರೆ ಮೂಕಿ ಎದ್ದು ಎತ್ತಿನ ಕುತ್ತಿಗೆಗೆ ಬರಲ್ವಾ? ಮುಂದಕ್ಕೆ ತಗೊಂಡು ಹೇರು." ಅಪ್ಪ ಪಿಕಪ್ ಓಡಿಸಿದವರಲ್ಲ, ಟ್ರೇಲರ್ ನೋಡಿದವರೂ ಅಲ್ಲ. ಆದರೆ ಬಾಡಿಗೆ ಕಂಪನಿಯವರು 60 ಪರ್ಸೆಂಟ್ ಭಾರ ಮುಂದಿರಲಿ ಅಂತ ಚಿತ್ರ ಬರೆದು ಅಂಟಿಸಿರುವುದೂ ಇದನ್ನೇ. ಮುಂಭಾರವಿದ್ದರೆ ಟ್ರೇಲರ್ ಹಿಚ್ ಮೇಲೆ ಒತ್ತಿ ಕೂರುತ್ತದೆ. ಹಿಂಭಾರವಾದರೆ ಹಿಚ್ಚನ್ನು ಮೇಲಕ್ಕೆತ್ತಿ ಪಿಕಪ್‌ನ ಹಿಂದಿನ ಚಕ್ರಗಳ ಹಿಡಿತವನ್ನೇ ಕಡಿಮೆ ಮಾಡುತ್ತದೆ.

ಡಿಕ್ಕಿ ಪೂರ್ತಿ ಖಾಲಿ ಮಾಡಿ, ಎಲ್ಲವನ್ನೂ ಪಿಕಪ್‌ನ ಬೆಡ್‌ನಲ್ಲಿ, ಅಂದರೆ ಹಿಂದೆ ಸಾಮಾನು ಹೇರುವ ಜಾಗದಲ್ಲಿ, ಕ್ಯಾಬಿನ್‌ಗೆ ಒತ್ತಿ ಇಟ್ಟೆವು. ಅದರಿಂದ ಮುಂದೆ 55 ದಾಟಲಿಲ್ಲ. ಪಶ್ಚಿಮ ಟೆಕ್ಸಸ್‌ನಲ್ಲಿ ಕೆಲವು ಕಡೆ 80ರ ಮಿತಿ ಇದೆ, ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ಹೋಗಲಿ ಬಿಡಿ. ಅದೇ ಗಾಳಿ ಇತ್ತು, ಟ್ರೇಲರ್ ಮತ್ತೆ ಬಾಲ ಆಡಿಸಲಿಲ್ಲ.

ದಿನಕ್ಕೆ 350 ಮೈಲಿ ಆಸುಪಾಸು ಇಟ್ಟುಕೊಳ್ಳಿ. ನಾವು ಮೊದಲ ರಾತ್ರಿ ಒಡೆಸ್ಸಾ, ಎರಡನೇ ರಾತ್ರಿ ಲಾಸ್ ಕ್ರೂಸಸ್‌ನಲ್ಲಿ ತಂಗಿದೆವು. ಮೋಟೆಲ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಟ್ರೇಲರ್ ನಿಲ್ಲಿಸಲು ಜಾಗ ಇದೆಯೇ ಅಂತ ಕೇಳಿ. ಪೆಟ್ರೋಲ್‌ಗೆ ಲಾರಿಗಳು ನಿಲ್ಲುವ ದೊಡ್ಡ ಬಂಕ್‌ಗಳೇ ಒಳ್ಳೆಯದು. ಹೇಗೆ ಹೊರಗೆ ಬರುವುದು ಅಂತ ನೋಡದೆ ಒಳಗೆ ನುಗ್ಗಬೇಡಿ. ವ್ಯಾನ್ ಹಾರ್ನ್‌ನ ಒಂದು ಚಿಕ್ಕ ಬಂಕ್‌ನಲ್ಲಿ ಸಿಕ್ಕಿಕೊಂಡು ರಿವರ್ಸ್ ತೆಗೆಯಲು ಇಪ್ಪತ್ತು ನಿಮಿಷ ಒದ್ದಾಡಿದೆ. ಕೊನೆಗೆ ಲಾರಿ ಡ್ರೈವರ್ ಒಬ್ಬರು ಹೇಳಿಕೊಟ್ಟರು: ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೋ, ಟ್ರೇಲರ್‌ನ ಹಿಂಬದಿ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸು. ಅಷ್ಟೇ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಮೊದಲೇ ಅರ್ಧ ಗಂಟೆ ಅಭ್ಯಾಸ ಮಾಡಿದ್ದರೆ ಈ ಮರ್ಯಾದೆ ಉಳಿಯುತ್ತಿತ್ತು.

ನಮಗೆ ಗ್ಯಾಲನ್‌ಗೆ 20 ಮೈಲಿ ಕೊಡುತ್ತಿದ್ದ ಪಿಕಪ್ ಎದುರುಗಾಳಿಗೆ 11 ಕೊಟ್ಟಿತು. ವ್ಯಾನ್ ಹಾರ್ನ್ ಆಸುಪಾಸಿನಲ್ಲಿ ಬಂಕ್‌ಗಳು ದೂರ ದೂರ. ಅರ್ಧ ಟ್ಯಾಂಕ್ ಆದಾಗಲೇ ತುಂಬಿಸಿಕೊಳ್ಳಿ.

ವೀಸಾದಲ್ಲಿರುವವರಿಗೆ ಒಂದು ಮಾತು. ಲಾಸ್ ಕ್ರೂಸಸ್ ದಾಟಿ ಪಶ್ಚಿಮಕ್ಕೆ ಸುಮಾರು 20 ಮೈಲಿಗೆ ಐ-10 ಹೆದ್ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಠಾಣೆ ಇದೆ. ಪಾಸ್‌ಪೋರ್ಟ್, ಐ-94 (ಅಮೆರಿಕಕ್ಕೆ ಬಂದ ದಾಖಲೆ), ಐ-797 (ವಲಸೆ ಇಲಾಖೆಯ ಪತ್ರ) ಕಾಗದಗಳನ್ನು ಮೂವರ್ಸ್ ಲಾರಿಗೆ ಹಾಕಿ ಕಳಿಸಬೇಡಿ, ಕೈಗೆ ಸಿಗುವ ಹಾಗಿರಲಿ. ಮುಂದೆ ಲಾರ್ಡ್ಸ್‌ಬರ್ಗ್ ಹತ್ತಿರ ಧೂಳಿನ ಬಿರುಗಾಳಿಯ ಎಚ್ಚರಿಕೆ ಫಲಕಗಳು ಸಿಗುತ್ತವೆ. ಧೂಳು ಎದ್ದರೆ ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ, ಲೈಟ್ ಆರಿಸಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ಇಲ್ಲದಿದ್ದರೆ ಹಿಂದಿನವರು ನಿಮ್ಮ ಕೆಂಪು ದೀಪ ನೋಡಿ ರಸ್ತೆ ಅದೇ ಅಂತ ಹಿಂಬಾಲಿಸಿ ಬಂದು ಗುದ್ದುತ್ತಾರೆ. ನಮ್ಮ ದಿನ ಆಕಾಶ ತಿಳಿಯಾಗಿತ್ತು.

ಟ್ರೇಲರ್ ವಾಪಸ್ ಕೊಡುವಾಗ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಬಾಲ್ ನಿಮ್ಮದೇ ಆದರೆ ಆಗಲೇ ಬಿಚ್ಚಿ ಒಳಗಿಡಿ. ಕತ್ತಲಲ್ಲಿ ಪಿಕಪ್‌ನ ಹಿಂದೆ ನಡೆದರೆ ಅದು ಸರಿಯಾಗಿ ಮೊಣಕಾಲ ಕೆಳಗಿನ ಎಲುಬಿಗೇ ಬಡಿಯುತ್ತದೆ. ನನಗೆ ಒಂದೇ ವಾರದಲ್ಲಿ ಎರಡು ಸಲ ಬಡಿಯಿತು.