ಊಟಿಗೆ ಹೋಗಿ, ಕೂನೂರಿನಲ್ಲಿ ಉಳಿಯಿರಿ

ಮೇ ತಿಂಗಳ ಎರಡನೆಯ ವಾರ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಊಟಿಗೆ ಹೋದೆವು. ಅಲ್ಲಿ ನಾವು ಒಂದೇ ಕಡೆ ಅತಿ ಹೆಚ್ಚು ಹೊತ್ತು ಕಳೆದದ್ದು ಒಂದು ಚಾಕೊಲೇಟ್ ಅಂಗಡಿಯಲ್ಲಿ: ಐವತ್ತು ನಿಮಿಷ. ದೊಡ್ಡಬೆಟ್ಟದ ಮೇಲೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಈ ಲೆಕ್ಕ ನನ್ನ ಹೊಟ್ಟೆಯೊಳಗೆ ಇನ್ನೂ ಉರಿಯುತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಲಾಡ್ಜಿನ ಮೇಜಿನ ಮೇಲೆ ಒಂದು ಕಾರ್ಡು ಇತ್ತು. ಒಂದು ದಿನಕ್ಕೆ ಹನ್ನೆರಡು ಜಾಗ, ತಲೆಗೆ 350 ರೂಪಾಯಿ, ವ್ಯಾನು ಬಾಗಿಲಿಗೇ ಬರುತ್ತದೆ. ಅತ್ತೆಯವರಿಗೆ ಮೊಣಕಾಲು ನೋವು, ಬಾಗಿಲಿಗೇ ಬರುತ್ತದೆಂಬ ಮಾತಿಗೆ ನಾನು ಮರುಳಾದೆ. ಎಂಟು ಗಂಟೆಗೆ ಬರಬೇಕಾದ ವ್ಯಾನು ಒಂಬತ್ತೂವರೆಗೆ ಬಂತು. ಹದಿಮೂರು ಸೀಟಿನ ಗಾಡಿಯಲ್ಲಿ ಆಗಲೇ ಹನ್ನೊಂದು ಜನರಿದ್ದರು, ನಾವು ಐವರು ಹತ್ತಿದೆವು. ಮಗಳು ಇಡೀ ದಿನ ನನ್ನ ತೊಡೆಯ ಮೇಲೆ. ಅವಳಿಗೆ ಹನ್ನೊಂದು ವರ್ಷ.

ಸಂಜೆ ಕೊಠಡಿಗೆ ಬಂದ ಮೇಲೆ ಹನ್ನೆರಡು ಜಾಗಗಳನ್ನು ಬೆರಳು ಮಡಚಿ ಎಣಿಸಿದೆವು. ದೋಣಿ ವಿಹಾರದ ಕೆರೆಯನ್ನು ರಸ್ತೆಯಿಂದ ತೋರಿಸಿದ್ದು ಒಂದು. ಗುಲಾಬಿ ತೋಟದ ಗೇಟಿನ ಮುಂದೆ ನಿಲ್ಲಿಸಿ, ಸಾಲು ಉದ್ದ ಇದೆ ಎಂದು ಹಾಗೆಯೇ ಮುಂದೆ ಹೋದದ್ದು ಎರಡು. ಎಂದೋ ಸಿನಿಮಾ ಚಿತ್ರೀಕರಣ ನಡೆದಿತ್ತೆಂದು ಹೇಳಿದ ಒಂದು ಹುಲ್ಲುಗುಡ್ಡ ಮೂರು. ಆಮೇಲೆ ಚಾಕೊಲೇಟ್ ಅಂಗಡಿ, ಚಹಾಪುಡಿ ಅಂಗಡಿ, ನೀಲಗಿರಿ ಎಣ್ಣೆಯ ಅಂಗಡಿ, ಸ್ವೆಟರ್ ಮಳಿಗೆ. ಇವು ನಾಲ್ಕೂ ಪ್ರತ್ಯೇಕ 'ಜಾಗ'ಗಳೇ. ಚಾಲಕನಿಗೆ ಕಮಿಷನ್ ಬರಲಿ, ನನ್ನ ತಕರಾರಿಲ್ಲ, ಅವನೂ ಸಂಸಾರಸ್ಥ. ಆದರೆ ದೊಡ್ಡಬೆಟ್ಟದಲ್ಲಿ ಅತ್ತೆಯವರು ಅರ್ಧ ದಾರಿ ಹತ್ತುವಷ್ಟರಲ್ಲಿ ಕೆಳಗಿನಿಂದ ಹಾರ್ನ್ ಹೊಡೆಯತೊಡಗಿದನಲ್ಲ, ಅದನ್ನು ಮಾತ್ರ ಮರೆಯಲಾಗದು. 2,637 ಮೀಟರ್ ಎತ್ತರ, ನೀಲಗಿರಿಯಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ. ನೆತ್ತಿಯಲ್ಲಿ ಬರೀ ಮಂಜು. ಮಂಜು ಸರಿಯುವವರೆಗೆ ಕಾಯೋಣವೆಂದರೆ ಮತ್ತೆ ಹಾರ್ನ್.

ಆದ್ದರಿಂದ ಹಂಚಿಕೆಯ ವ್ಯಾನು ಬೇಡ. ಎರಡೇ ಜಾಗ ಆರಿಸಿಕೊಂಡು ಆಟೊ ಅಥವಾ ಊರಿನ ಬಸ್ಸು ಹಿಡಿಯಿರಿ. ಮಕ್ಕಳಿದ್ದರೆ ಅದರಲ್ಲಿ ಒಂದು ಸಸ್ಯೋದ್ಯಾನವಾಗಿರಲಿ. 1848ರಲ್ಲಿ ಮ್ಯಾಕೈವರ್ ಎಂಬ ತೋಟಗಾರಿಕೆ ತಜ್ಞ ರೂಪಿಸತೊಡಗಿದ ತೋಟ ಇದು. ಸುಮಾರು ಎರಡು ಕೋಟಿ ವರ್ಷ ಹಳೆಯದೆನ್ನುವ ಕಲ್ಲಾದ ಮರದ ದಿಮ್ಮಿ ಒಂದು ಅಲ್ಲಿದೆ. ನನ್ನ ಮಗ ಅದನ್ನು ಮರವೆಂದೂ ಒಪ್ಪಲಿಲ್ಲ, ಕಲ್ಲೆಂದೂ ಒಪ್ಪಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಒಳಗಿರಬೇಕು. ಹತ್ತು ಗಂಟೆಯ ನಂತರ ಅಲ್ಲಿ ಹೂವಿಗಿಂತ ಸೆಲ್ಫಿ ಕೋಲುಗಳೇ ಹೆಚ್ಚು. ಮೇ ತಿಂಗಳಲ್ಲಿ ಅಲ್ಲಿಯೇ ಪುಷ್ಪ ಪ್ರದರ್ಶನ ನಡೆಯುತ್ತದೆ. ಅದಕ್ಕಾಗಿಯೇ ಹೋಗುವವರಿದ್ದಾರೆ, ನಾನು ಆ ದಿನಗಳಲ್ಲಿ ಆ ಕಡೆ ತಲೆ ಹಾಕಲಾರೆ. ಒಂದು ಮಾತು: ಸಾಲಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ನನಗೆ ಆಗುವುದಿಲ್ಲ. ಜಾತ್ರೆಯ ಗದ್ದಲವೆಂದರೆ ನಿಮಗೆ ಹಿಗ್ಗಾದರೆ ನನ್ನ ಸಲಹೆಗಳಲ್ಲಿ ಅರ್ಧವನ್ನು ತಿರುಗುಮುರುಗು ಮಾಡಿಕೊಳ್ಳಿ.

ಕೊಠಡಿಯ ಕಥೆ ಚಿಕ್ಕದು. ರಾತ್ರಿಗೆ 4,800 ರೂಪಾಯಿ. ಬಿಸಿನೀರು ಬಕೆಟ್ಟಿಗೆ 50, ಹೆಚ್ಚುವರಿ ಕಂಬಳಿಗೆ 100. ಮಳೆಗಾಲದಲ್ಲಿ ಇದೇ ಕೊಠಡಿ 1,400ಕ್ಕೆ ಹೋಗುತ್ತದೆಂದು ಕಂಬಳಿ ತಂದ ಹುಡುಗನೇ ಪಿಸುಗುಟ್ಟಿದ. ಎರಡು ರಾತ್ರಿಯಲ್ಲೇ ಸಾಕಾಗಿ, ಉಳಿದ ಮುಂಗಡ ಹೋದರೆ ಹೋಗಲಿ ಎಂದು ಗಂಟುಮೂಟೆ ಕಟ್ಟಿ ಕೂನೂರಿಗೆ ಇಳಿದೆವು. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ಊಟಿಗಿಂತ ಕೆಳಗಿರುವ ಊರಾದ್ದರಿಂದ ಚಳಿ ಹಿತವಾಗಿದೆ, ಕೊಠಡಿ ಅರ್ಧ ಬೆಲೆಗೆ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆ ದಾಟಲು ಕಾಯಬೇಕಾಗಲಿಲ್ಲ.

ಕೂನೂರಿನ ಬಸ್ ನಿಲ್ದಾಣದ ಹತ್ತಿರ ಮಾರುಕಟ್ಟೆಯ ಕಡೆಗೆ ಮೆಟ್ಟಿಲು ಹತ್ತಿದರೆ ಒಂದು ಸಣ್ಣ ಊಟದ ಮನೆ ಇದೆ. ಬೋರ್ಡು ಇಲ್ಲ, ಬಾಗಿಲಿಗೆ ನೀಲಿ ಪರದೆ. ನಾಲ್ಕು ಮೇಜು. ಎಂಬತ್ತು ರೂಪಾಯಿಗೆ ಅನ್ನ, ಬೀನ್ಸ್ ಕಾಳು ಮತ್ತು ಆಲೂಗಡ್ಡೆಯ ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ಕಾಳು ಬೆಣ್ಣೆಯಂತೆ ಬೆಂದಿತ್ತು, ಆದರೂ ಒಂದೂ ಒಡೆದಿರಲಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ತೆಂಗಿನಕಾಯಿ ಹಾಕದೆ ಅಡುಗೆಯೇ ಇಲ್ಲ. ಇಲ್ಲಿ ಕಾಯಿಯ ಸುಳಿವಿರಲಿಲ್ಲ, ಆದರೂ ನಾನು ಎರಡನೆಯ ಸಲ, ಮಗ ಮೂರನೆಯ ಸಲ ಬಡಿಸಿಕೊಂಡೆವು. ಮೂರನೆಯದಕ್ಕೂ ಆ ತಾಯಿ ಮುಖ ಸಿಂಡರಿಸಲಿಲ್ಲ. ಮೂರು ದಿನ ಎರಡು ಹೊತ್ತೂ ಅಲ್ಲಿಯೇ ಉಂಡೆವು.

ಆಕೆ ಬಡಗ ಸಮುದಾಯದವರು. ಮೊದಲ ದಿನ ನಾನು ಹರಕುಮುರಕು ತಮಿಳಿನಲ್ಲಿ ಬೆವರುತ್ತಿದ್ದಾಗ ಅತ್ತೆಯವರು ಸುಮ್ಮನೆ ತಮ್ಮ ಮಾತಿನಲ್ಲಿ, "ಸ್ವಲ್ಪ ಹಾಲು ಇದ್ದರೆ ಕೊಡವ್ವ" ಎಂದರು. ಹಾಲು ಬಂತು! ತಮಿಳಿನಲ್ಲಿ ಪಾಲ್ ಆಗುವುದು ಬಡಗರ ನುಡಿಯಲ್ಲಿ ನಮ್ಮಂತೆಯೇ ಹಾಲು. ಅವರ ಊರಿಗೆ ಹಟ್ಟಿ ಎನ್ನುತ್ತಾರೆ. ಬಡಗ ಎಂದರೆ ಬಡಗಣದವರು, ಅಂದರೆ ಉತ್ತರದವರು, ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು ಎನ್ನುವುದು ಪ್ರತೀತಿ. ದೊಡ್ಡಬೆಟ್ಟಕ್ಕೆ ಅಚ್ಚಗನ್ನಡದ ಹೆಸರು ಹೇಗೆ ಬಂತೆಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಇಬ್ಬರು ಹೆಂಗಸರೂ ತಮ್ಮ ತಮ್ಮ ನುಡಿಯಲ್ಲಿ ಸೊಸೆಯಂದಿರ ವಿಷಯಕ್ಕೆ ಬಂದಿದ್ದರು. ನಾನು ಎಲೆ ಮಡಚಿ ಎದ್ದೆ.

ಇನ್ನು ಪುಟಾಣಿ ರೈಲು. 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮೇಟುಪಾಳ್ಯದಿಂದ ಊಟಿಯವರೆಗಿನ 46 ಕಿಲೋಮೀಟರ್ ಪಯಣದ ಟಿಕೆಟ್ ಬೇಸಗೆಯಲ್ಲಿ ಸಿಗುವುದು ಲಾಟರಿ ಹೊಡೆದಂತೆ. ಮೈಸೂರಿನ ಕಡೆಯಿಂದ ಹೋಗುವವರಿಗೆ ಮೇಟುಪಾಳ್ಯ ಬೆಟ್ಟದ ಆಚೆ ಬದಿ, ಅಲ್ಲಿಗೆ ಇಳಿದು ಮತ್ತೆ ಹತ್ತುವ ಹುಚ್ಚು ಬೇಡ. ಕೂನೂರಿನಿಂದ ಊಟಿಗೆ ದಿನಕ್ಕೆ ಹಲವು ರೈಲುಗಳಿವೆ, ಕಾಯ್ದಿರಿಸದ ಟಿಕೆಟೂ ಸಿಗುತ್ತದೆ. ಬೆಳಗಿನ ಮೊದಲ ರೈಲು ಹಿಡಿಯಿರಿ. ವೆಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್ ದಾಟಿ ಒಂದೂಕಾಲು ಗಂಟೆಯ ಪಯಣ. ಕೇತಿಯಲ್ಲಿ ಕಣಿವೆ ತೆರೆದುಕೊಂಡಾಗ ಅತ್ತೆಯವರು ಮೊಣಕಾಲು ಮರೆತು ಎದ್ದು ನಿಂತರು.

ಆದರೆ ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿ ಹತ್ತುವ ಉಗಿಬಂಡಿ ಕೂನೂರಿನಿಂದ ಕೆಳಗಿನ ಕಡಿದಾದ ಭಾಗದಲ್ಲಿ ಮಾತ್ರ. ಮೇಲಿನ ಭಾಗಕ್ಕೆ ಡೀಸೆಲ್ ಎಂಜಿನ್. ಇದು ಗೊತ್ತಿಲ್ಲದೆ ಹತ್ತಿ ಪೆಚ್ಚಾದ ಮಕ್ಕಳನ್ನು ನಾನು ಕಂಡೆ, ಅದರಲ್ಲಿ ಇಬ್ಬರು ನನ್ನವರೇ. ಮರುದಿನ ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಹತ್ತೂವರೆಯ ಸುಮಾರಿಗೆ ಕೂನೂರು ನಿಲ್ದಾಣದಲ್ಲಿ ನಿಂತೆವು. ಮೇಟುಪಾಳ್ಯದಿಂದ ಬರುವ ರೈಲನ್ನು ಉಗಿ ಎಂಜಿನ್ ಹಿಂದಿನಿಂದ ನೂಕಿಕೊಂಡು ಬಂತು, ಬುಸುಗುಟ್ಟುತ್ತ ಕಳಚಿಕೊಂಡಿತು. ಮಗನ ಮುಖದ ಮೇಲೆ ಮಸಿಯ ಚುಕ್ಕೆ. ಅಷ್ಟೂ ಹಣದ ಊಟಿಯಲ್ಲಿ ಅವನಿಗೆ ಇಷ್ಟು ಸಂತೋಷ ಸಿಕ್ಕಿರಲಿಲ್ಲ.

ಕಾರಿನಲ್ಲಿ ಹೋಗುವವರಿಗೆ ನನ್ನ ತಮ್ಮನ ಪಾಡು ಹೇಳುತ್ತೇನೆ, ಅವನು ನಮ್ಮ ಹಿಂದೆಯೇ ಹೊರಟಿದ್ದ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಗೆಯಲ್ಲಿ ಊಟಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನಗಳೆಂದು ಮಿತಿಯೂ ಬಂತು. ಕೊನೆಯ ಗಳಿಗೆಯಲ್ಲಿ ಅರ್ಜಿ ಹಾಕಿದ ಅವನಿಗೆ ಶನಿವಾರ ಸಿಗಲಿಲ್ಲ, ಸೋಮವಾರ ಬಂದ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಈ ಗೊಡವೆ ಇಲ್ಲ. ಡಿಕ್ಕಿಯಲ್ಲಿ ಎರಡು ಡಜನ್ ನೀರಿನ ಬಾಟಲಿ ತುಂಬಿದ್ದ, ಚೆಕ್‌ಪೋಸ್ಟಿನಲ್ಲಿ ಎಲ್ಲವನ್ನೂ ಇಳಿಸಿಕೊಂಡರು. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷಿದ್ಧ. ಸ್ಟೀಲ್ ಬಾಟಲಿ ಒಯ್ಯಿರಿ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತಿ ಅವನ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಅದೇ ದಾರಿಯಲ್ಲಿ ಹೊರಗಿನ ವಾಹನಗಳನ್ನು ಇಳಿಯಲು ಬಿಡುವುದಿಲ್ಲ, ಗೂಡಲೂರಿನ ಸುತ್ತುದಾರಿಯೇ ಗತಿ. ಮರಳುವಾಗ ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್.

ಅವನ ಕೈ ಮೇಲಾದದ್ದು ಒಂದೇ ವಿಷಯದಲ್ಲಿ. ಸಂಜೆ ಆನೆಗಳಿಗೆ ಮೇವು ಕೊಡುವ ಹೊತ್ತಿಗೆ ದಾರಿಯಲ್ಲಿನ ತೆಪ್ಪಕಾಡಿನ ಆನೆ ಶಿಬಿರದ ಮುಂದೆ ಕಾರು ನಿಲ್ಲಿಸಿದ್ದ. ಮಾವುತರು ರಾಗಿ ಮುದ್ದೆ ಉಂಡೆ ಕಟ್ಟಿ ನೇರವಾಗಿ ಆನೆಯ ಬಾಯಿಗೆ ಇಡುವುದನ್ನು ಅವನ ಮಕ್ಕಳು ಕಣ್ತುಂಬ ನೋಡಿದರು. ನಮ್ಮ ಬಸ್ಸು ಅಲ್ಲಿ ನಿಲ್ಲಲಿಲ್ಲ. ತಟ್ಟೆಗೆ ಮುದ್ದೆ ಬಿದ್ದರೆ ಎದ್ದು ಹೋಗುವ ನನ್ನ ಮಗ, ಆನೆ ಮುದ್ದೆ ತಿನ್ನುವುದನ್ನು ತನಗೆ ತೋರಿಸಲಿಲ್ಲವೆಂದು ಗುಂಡ್ಲುಪೇಟೆಯವರೆಗೂ ಮಾತು ಬಿಟ್ಟಿದ್ದ.