ಕಪ್ಪು ಮುಖಕ್ಕೆ ಎಷ್ಟು ಗೆರೆ ಬೇಕು? ಆರು ವಾರದ ಲೆಕ್ಕ

ಅಮೆರಿಕದ ಹಳೆ ಕಾಮಿಕ್ಸ್‌ಗಳಲ್ಲಿ ಬರುವ ಕಪ್ಪು ಜನರ ಮುಖಗಳನ್ನು ನಿಬ್ಬು, ಶಾಯಿಯಲ್ಲಿ ನೋಡಿ ಬರೆಯುತ್ತಿದ್ದೇನೆ. ವಾರಕ್ಕೊಂದು ಮುಖ ಅಂತ ಲೆಕ್ಕ. ಶುರುವಿನಲ್ಲಿ ಇದ್ದದ್ದು ಬರೀ ಕೈಕೆಲಸದ ಪ್ರಶ್ನೆ. ಹಾಳೆ ಬಿಳಿ, ಶಾಯಿ ಕಪ್ಪು, ನಡುವೆ ಬೇರೆ ಬಣ್ಣ ಇಲ್ಲ. ಹಾಗಿದ್ದಾಗ ಕಪ್ಪು ಚರ್ಮ ತೋರಿಸೋದು ಹೇಗೆ?

ಮೊದಲ ವಾರ: ಫ್ರಾಂಕ್ಲಿನ್

ಚಾರ್ಲ್ಸ್ ಶುಲ್ಜ್ ಬರೆಯುತ್ತಿದ್ದ, ಮಕ್ಕಳ ಗುಂಪೊಂದರ ಕಾಮಿಕ್ಸ್ ‘ಪೀನಟ್ಸ್’ನ ಹುಡುಗ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅದಾಗಿ ಹೆಚ್ಚು ದಿನ ಆಗಿರಲಿಲ್ಲ, ಲಾಸ್ ಏಂಜಲೀಸ್‌ನ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಟೀಚರ್ ಶುಲ್ಜ್‌ಗೆ ಕಾಗದ ಬರೆದರು. ನಿಮ್ಮ ಮಕ್ಕಳ ಗುಂಪಿಗೆ ಒಂದು ಕಪ್ಪು ಮಗುವನ್ನೂ ಸೇರಿಸಿ ಅಂತ. ಶುಲ್ಜ್‌ಗೆ ಅಳುಕು. ದೊಡ್ಡಸ್ತಿಕೆಯಿಂದ ಕರುಣೆ ತೋರಿಸಿದ ಹಾಗೆ ಕಂಡರೆ ಏನು ಮಾಡೋದು ಅಂತ. ನಾಲ್ಕಾರು ಕಾಗದ ಓಡಾಡಿದ ಮೇಲೆ, ಜುಲೈ 31ಕ್ಕೆ ಫ್ರಾಂಕ್ಲಿನ್ ಬಂದ. ಕಡಲ ದಂಡೆಯಲ್ಲಿ ಆ ಗುಂಪಿನ ಬಿಳಿ ಹುಡುಗ ಚಾರ್ಲಿ ಬ್ರೌನ್‌ನ ಚೆಂಡು ತಂದುಕೊಡುತ್ತಾನೆ. ಅಪ್ಪ ವಿಯೆಟ್ನಾಂನಲ್ಲಿದ್ದಾರೆ ಅನ್ನುತ್ತಾನೆ.

ಅವನ ಮುಖದ ತುಂಬ ಸಣ್ಣ ಓರೆಗೆರೆಗಳು. ನೋಡೋಕೆ ಸುಲಭ, ಬರೆಯೋಕೆ ಅಲ್ಲ. ನಾಲ್ಕು ಸಲ ಬರೆದೆ. ಮೂರರಲ್ಲಿ ಗೆರೆಗಳು ಒಂದಕ್ಕೊಂದು ಅಂಟಿ ಮುಖ ಮಸಿ ಮುದ್ದೆಯಾಯಿತು. ನಾಲ್ಕನೆಯದರಲ್ಲಿ ಗುಟ್ಟು ಸಿಕ್ಕಿತು. ಕಣ್ಣಿನ ಸುತ್ತ, ಬಾಯಿಯ ಸುತ್ತ ಕೂದಲೆಳೆಯಷ್ಟು ಜಾಗ ಖಾಲಿ ಬಿಡಬೇಕು. ಇಲ್ಲದಿದ್ದರೆ ನಗುವೇ ಮುಚ್ಚಿಹೋಗುತ್ತೆ.

ಪಕ್ಕದಲ್ಲಿ ಚಾರ್ಲಿ ಬ್ರೌನ್ ಬರೆದೆ. ಅವನ ಮುಖಕ್ಕೆ ಗೆರೆಯೇ ಬೇಡ, ಹಾಳೆಯ ಬಿಳಿ ಸಾಕು. ಇಬ್ಬರನ್ನೂ ಒಟ್ಟಿಗೆ ನೋಡಿದರೆ, ಮೋಡದ ನೆರಳು ಫ್ರಾಂಕ್ಲಿನ್ ಒಬ್ಬನ ಮೇಲೆ ಬಿದ್ದ ಹಾಗಿದೆ. ತಪ್ಪು ಶುಲ್ಜ್‌ದು ಅಂತಲ್ಲ. ಆದರೆ ಹಾಳೆಯೇ ಮೊದಲೇ ಒಬ್ಬರ ಪಕ್ಷ ಸೇರಿದೆ, ಅಲ್ವಾ?

1973ರ ಟಿವಿ ಕಾರ್ಟೂನಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಇದೇ ಫ್ರಾಂಕ್ಲಿನ್ ಮೇಜಿನ ಒಂದು ಬದಿಯಲ್ಲಿ ಒಬ್ಬನೇ ಕೂತಿದ್ದಾನೆ. ಉಳಿದವರೆಲ್ಲ ಆಚೆ. 2024ರಲ್ಲಿ ಅವನದೇ ಕಥೆಯ ಒಂದು ಕಾರ್ಟೂನ್ ಬಂತು. ಅದರಲ್ಲಿ ಆ ಬದಿಯಿಂದ ಅವನನ್ನು ಎಬ್ಬಿಸಿ ಕರೆದುಕೊಳ್ಳುತ್ತಾರೆ.

ಎರಡನೇ ವಾರ

ನೆಂಟರ ಮದುವೆ. ನಿಬ್ಬು ಮುಟ್ಟಲಿಲ್ಲ.

ಮೂರನೇ ವಾರ: ಮುಖಭಂಗ

ಯಾವುದನ್ನೂ ನೋಡದೆ ಒಬ್ಬ ಕಪ್ಪು ಮುದುಕನ ಮುಖ ಬರೆದೆ. ಖುಷಿಯಾಗಿ ಗೆಳೆಯನಿಗೆ ತೋರಿಸಿದೆ. ಅವನು ಒಂದು ನಿಮಿಷ ನೋಡಿ, “ತುಟಿ ಯಾಕೋ ಹೀಗೆ, ಡೋನಟ್ ಇಟ್ಟ ಹಾಗೆ?” ಅಂದ.

ಮೈ ಬಿಸಿಯಾಯಿತು. ಆ ತುಟಿ ಎಲ್ಲಿಂದ ಬಂತು ಅಂತ ಹುಡುಕಿದೆ. ಬೇರೆಲ್ಲಿಂದಲೂ ಅಲ್ಲ, ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಅವರಿಂದ. ನೆರಳು, ಮಳೆ, ಬೀದಿದೀಪ ಬರೆಯೋದು ಹೇಗೆ ಅಂತ ವರ್ಷಗಟ್ಟಲೆ ಅವರ ಪತ್ತೇದಾರಿ ಕಾಮಿಕ್ಸ್ ‘ದಿ ಸ್ಪಿರಿಟ್’ ಇಟ್ಟುಕೊಂಡು ಕೈ ಪಳಗಿಸಿದವನು ನಾನು. ಅದೇ ಪುಟಗಳಲ್ಲಿ ಎಬನಿ ವೈಟ್ ಎಂಬ ಕಪ್ಪು ಹುಡುಗ ಇದ್ದಾನೆ. 1940ರಿಂದ. ಉಬ್ಬಿದ ದೊಡ್ಡ ತುಟಿ, ದುಂಡು ಕಣ್ಣು, ಒಡಕು ಇಂಗ್ಲಿಷ್. ಮಳೆ ಕಲಿಯುವಾಗ ಕೈ ತುಟಿಯನ್ನೂ ಕಲಿತುಬಿಟ್ಟಿದೆ, ನನಗೆ ಹೇಳದೆ ಕೇಳದೆ.

ಆಮೇಲೆ ಫೋಟೋಗಳನ್ನು ಇಟ್ಟುಕೊಂಡು ಕೂತೆ. ತುಟಿಗೆ ಸುತ್ತ ಗೆರೆ ಎಳೆಯಬಾರದು, ಅಷ್ಟೇ ವಿಷಯ. ಮೇಲ್ದುಟಿಗೆ ನೆರಳು ಕೊಡಿ, ಕೆಳದುಟಿಯ ಮೇಲೆ ಒಂದು ಚೂರು ಬೆಳಕು ಬಿಡಿ. ತುಟಿ ತಾನಾಗಿಯೇ ಬರುತ್ತೆ. ಮುದುಕ ಈಗ ಮುದುಕನ ಹಾಗಿದ್ದಾನೆ.

ನಾಲ್ಕನೇ ವಾರ: ಬಣ್ಣ

ಬಣ್ಣ ಹಚ್ಚೋಣ ಅಂತ ಮಗಳ ಕ್ರೇಯಾನ್ ಡಬ್ಬಿ ತೆಗೆದೆ. ಅವಳು ಎತ್ತಿಕೊಟ್ಟದ್ದು ತಿಳಿ ಗುಲಾಬಿ. “ಅಪ್ಪಾ, ಸ್ಕಿನ್ ಕಲರ್.” ನಾನೂ ಶಾಲೆಯಲ್ಲಿ ಅದನ್ನು ಹಾಗೇ ಕರೆಯುತ್ತಿದ್ದೆ. ನಮ್ಮಿಬ್ಬರ ಕೈಗೂ ಆ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ಅದರ ಹೆಸರನ್ನು ‘ಫ್ಲೆಶ್’ನಿಂದ ‘ಪೀಚ್’ಗೆ ಬದಲಾಯಿಸಿದ್ದು 1962ರಲ್ಲಿ.

ಮರುವರ್ಷ, 1963ರಲ್ಲಿ, ಮಾರ್ವೆಲ್‌ನ ‘ಸಾರ್ಜೆಂಟ್ ಫ್ಯೂರಿ’ ಮೊದಲ ಸಂಚಿಕೆ ಬಂತು. ಅದರಲ್ಲಿ ಗೇಬ್ ಜೋನ್ಸ್ ಎಂಬ ಕಪ್ಪು ಸೈನಿಕನಿದ್ದ. ಅಚ್ಚಾಗಿ ಬಂದಾಗ ಅವನ ಮುಖ ಬಿಳಿಯರ ಗುಲಾಬಿ ಬಣ್ಣದಲ್ಲಿತ್ತು! 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಎಂಬ ಕಪ್ಪು ಸೂಪರ್‌ಹೀರೋ ಬಂದಾಗ ಕಲಾವಿದ ಜ್ಯಾಕ್ ಕರ್ಬಿ ಮೊದಲು ಬರೆದ ಮುಖಪುಟದಲ್ಲಿ ಅರ್ಧ ಮುಖವಾಡ, ಕೆಳಗಿನ ಕಪ್ಪು ಮುಖ ಕಾಣುತ್ತಿತ್ತು. ಅಚ್ಚಾದ ಮುಖಪುಟದಲ್ಲಿ ಮುಖ ಪೂರ್ತಿ ಮುಚ್ಚಿದೆ. ಎರಡನ್ನೂ ಅಕ್ಕಪಕ್ಕ ಬರೆದೆ. ಅರ್ಧ ಮುಖವಾಡದ್ದು ಕಷ್ಟ, ಗದ್ದದಲ್ಲೇ ಗತ್ತು ತೋರಿಸಬೇಕು.

ಐದನೇ ವಾರ: ಪ್ಯಾಟಿ-ಜೋ

ಇದು ಕೈಗೆ ಹಗುರ ಅನಿಸಿದ ವಾರ. ಜಾಕಿ ಓರ್ಮ್ಸ್ 1937ರಿಂದಲೇ ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಜನರ ಪತ್ರಿಕೆಗೆ ಬರೆಯುತ್ತಿದ್ದ ಕಪ್ಪು ಹೆಂಗಸು. 1945ರಿಂದ 1956ರವರೆಗೆ ಬಂದ ಅವರ ವ್ಯಂಗ್ಯಚಿತ್ರದಲ್ಲಿ ಬಾಯಿ ಜೋರಿನ ಪುಟ್ಟ ಹುಡುಗಿ ಪ್ಯಾಟಿ-ಜೋ, ಮಾತಾಡದ ಅಕ್ಕ ಜಿಂಜರ್. ನಾನು ನೋಡಿ ಬರೆದ ಚಿತ್ರದಲ್ಲಿ ಮುಖದ ಮೇಲೆ ಹೆಚ್ಚೇನೂ ಗೆರೆ ಇಲ್ಲ. ಓದುವವರೂ ಕಪ್ಪು ಜನ, ಚಿತ್ರದಲ್ಲಿರುವವರೂ ಅವರೇ, ಇನ್ನು ಗುರುತು ಯಾರಿಗೆ? ಉಳಿದ ಶಾಯಿಯೆಲ್ಲ ಬಟ್ಟೆಗೆ ಹೋಗಿದೆ. ಜಿಂಜರ್‌ಳ ಸ್ಕರ್ಟಿನ ನೆರಿಗೆಗೇ ಒಂದು ಸಂಜೆ ಹಿಡಿಯಿತು. 1947ರಲ್ಲಿ ಪ್ಯಾಟಿ-ಜೋ ಗೊಂಬೆಯಾಗಿ ಅಂಗಡಿಗೂ ಬಂದಳು, ತನ್ನದೇ ಉಡುಪುಗಳ ಸಮೇತ.

ಆರನೇ ವಾರ: ಬೆವರು

ಇ.ಸಿ. ಕಾಮಿಕ್ಸ್‌ನ ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆ, 1953. ಒಂದು ಗ್ರಹದಲ್ಲಿ ಕಿತ್ತಳೆ ರೋಬೋಗಳು ನೀಲಿ ರೋಬೋಗಳನ್ನು ಕೀಳಾಗಿ ಕಾಣುತ್ತವೆ. ಪರೀಕ್ಷೆ ಮಾಡಲು ಬಂದ ಭೂಮಿಯ ಗಗನಯಾತ್ರಿ, ನೀವಿನ್ನೂ ನಮ್ಮ ಜೊತೆ ಸೇರಲು ತಯಾರಿಲ್ಲ ಅಂತ ಹೇಳಿ ಹೊರಡುತ್ತಾನೆ. ಕಡೆಯ ಚೌಕದಲ್ಲಿ ಹೆಲ್ಮೆಟ್ ತೆಗೆಯುತ್ತಾನೆ. ಕಪ್ಪು ಮುಖ, ಮೇಲೆ ಬೆವರ ಹನಿಗಳು ನಕ್ಷತ್ರದ ಹಾಗೆ. ಚಿತ್ರ ಬರೆದದ್ದು ಜೋ ಒರ್ಲ್ಯಾಂಡೊ. 1956ರಲ್ಲಿ ಮರುಮುದ್ರಣಕ್ಕೆ ಹೊರಟಾಗ ಕಾಮಿಕ್ಸ್ ಸೆನ್ಸಾರ್ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಮರ್ಫಿ, ಈ ಮನುಷ್ಯ ಕಪ್ಪು ಇರಬಾರದು ಅಂದರು. ಪ್ರಕಾಶಕ ಬಿಲ್ ಗೇನ್ಸ್ ಬಗ್ಗಲಿಲ್ಲ. ಹಾಗೇ ಅಚ್ಚಾಯಿತು.

ಈ ಸಲ ಗೆರೆ ಬಿಟ್ಟು ಬ್ರಷ್ ಹಿಡಿದೆ. ಮೊದಲು ಮುಖದ ನೆರಳೆಲ್ಲ ಗಟ್ಟಿ ಕಪ್ಪು. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಬಿಳಿ ಜೆಲ್ ಪೆನ್ನಲ್ಲಿ ಹನಿ ಇಟ್ಟೆ. ಹಣೆಗೆ ಐದು, ಕೆನ್ನೆಗೆ ನಾಲ್ಕು, ಮೂಗಿನ ಪಕ್ಕ ಎರಡು. ಮೂಗಿನ ಪಕ್ಕದ್ದು ಕಣ್ಣೀರಿನ ಹಾಗೆ ಕಾಣುತ್ತಿದೆ. ನಾಳೆ ಅವೆರಡನ್ನು ಮುಚ್ಚಬೇಕು.