ಜಾನ್ಸನ್ ಕ್ಯೂಡಿ 10 ಎಚ್‌ಪಿ: ಕಾರ್ಬೊರೇಟರ್‌ಗಿಂತ ಮೊದಲು ಮ್ಯಾಗ್ನೆಟೊ

ಎಂಜಿನ್: 1950ರ ದಶಕದ ಜಾನ್ಸನ್ ಸೀಹಾರ್ಸ್ ಕ್ಯೂಡಿ, ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟರ್, ಎರಡು ಸಿಲಿಂಡರ್, ಟೂ-ಸ್ಟ್ರೋಕ್. ಇದರ ಮ್ಯಾಗ್ನೆಟೊ ಎಂದರೆ ಬ್ಯಾಟರಿ ಇಲ್ಲದೆ, ಫ್ಲೈವೀಲ್‌ನ ಅಯಸ್ಕಾಂತ ಮತ್ತು ಅದರಡಿಯ ಕಾಯಿಲ್‌ಗಳಿಂದ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ. ಎರಡೂ ಸಿಲಿಂಡರ್‌ಗಳ ಕಂಪ್ರೆಷನ್ ಹೆಚ್ಚುಕಡಿಮೆ ಸಮ ಇದೆ. ಹಾಗಾಗಿ ಖರ್ಚು ಮಾಡಲು ಅಡ್ಡಿಯಿಲ್ಲ.

1ನೇ ವಾರ. ಪ್ಲಗ್ ಎರಡನ್ನೂ ಬಿಚ್ಚಿ ಕಿಡಿ ಪರೀಕ್ಷೆ. ಕಾಲು ಇಂಚು ಅಂತರವನ್ನು ಕಿಡಿ ದಾಟಬೇಕು. ಮೇಲಿನದು ಮಂಕು ಹಳದಿ, ಕೆಳಗಿನದು ಸತ್ತೇಹೋಗಿದೆ. ಈ ಹಂತದಲ್ಲಿ ಕಾರ್ಬೊರೇಟರ್ ಮುಟ್ಟಿದರೆ ಕಾಲಹರಣ.

ಫ್ಲೈವೀಲ್ ತೆಗೆಯಲು ನಡುವಿನ ಮೂರು ಥ್ರೆಡ್ ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರೇ ಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಫ್ಲೈವೀಲ್ ಸೊಟ್ಟಗಾಗುತ್ತದೆ. ಒಳಗೆ ಕಂಡದ್ದು ನಿರೀಕ್ಷಿಸಿದ್ದೇ: ಕಾಯಿಲ್‌ಗಳ ಪ್ಲಾಸ್ಟಿಕ್ ಹೊದಿಕೆ ಒಣಗಿದ ಕೆರೆಯಂಗಳದಂತೆ ಬಿರುಕುಬಿಟ್ಟು, ಒಂದು ಬಿರುಕಿನಲ್ಲಿ ತಾಮ್ರದ ತಂತಿ ಹಸಿರಾಗಿ ಇಣುಕುತ್ತಿತ್ತು. ತೇವ ಒಳಗಿಳಿದರೆ ಕಿಡಿ ಪ್ಲಗ್ ತನಕ ಬರುವುದೇ ಇಲ್ಲ, ಕಾಯಿಲ್‌ನಲ್ಲೇ ಸೋರಿಹೋಗುತ್ತದೆ.

2ನೇ ವಾರ. ಕಾಯಿಲ್, ಕಂಡೆನ್ಸರ್, ಪಾಯಿಂಟ್ಸ್ (ತೆರೆದುಕೊಂಡಾಗ ಕಿಡಿ ಹಾರಿಸುವ ಪುಟ್ಟ ಸ್ವಿಚ್) ಎರಡೆರಡು ಹೊಸವು. ಪ್ಲಗ್ ವೈರ್ 7 ಎಂಎಂ, ತಾಮ್ರದ ಎಳೆಯದು. ಕಾರ್ಬನ್ ಎಳೆಯದು ಬೇಡ. ಕಾಯಿಲ್ ತೂತಿನೊಳಗೆ ಒಂದು ಮುಳ್ಳಿದೆ, ವೈರನ್ನು ತಿರುಗಿಸುತ್ತಾ ಅದಕ್ಕೆ ಚುಚ್ಚಬೇಕು. ಕಾಯಿಲ್‌ನ ಕಬ್ಬಿಣದ ಪಾದಗಳು ಆರ್ಮೇಚರ್ ಪ್ಲೇಟಿನ (ಇವೆಲ್ಲ ಕೂರುವ ತಟ್ಟೆಯ) ಕಡೆದ ದಿಂಡುಗಳ ಅಂಚಿಗೆ ಸರಿಸಮ ಕೂರಬೇಕು. ಹೊರಗೆ ಚಾಚಿದರೆ ಫ್ಲೈವೀಲ್ ಉಜ್ಜುತ್ತದೆ, ಒಳಗೆ ಸರಿದರೆ ಕಿಡಿ ಸೊರಗುತ್ತದೆ.

ಪಾಯಿಂಟ್ ಅಂತರ 0.020 ಇಂಚು, ಪೂರ್ತಿ ತೆರೆದ ಸ್ಥಿತಿಯಲ್ಲಿ. 0.018ರ ಫೀಲರ್ (ಅಂತರ ಅಳೆಯುವ ತೆಳು ಪಟ್ಟಿ) ಸಲೀಸಾಗಿ ಹೋಗಬೇಕು, 0.020 ಸ್ವಲ್ಪ ಹಿಡಿಯಬೇಕು, 0.022 ಹೋಗಲೇಬಾರದು. ಸ್ಕ್ರೂ ಬಿಗಿಮಾಡುವಾಗ ಅಂತರ ಜರುಗುವುದರಿಂದ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಎರಡೂ ಜೋಡಿ ಒಂದೇ ಅಳತೆಗೆ ಬರದಿದ್ದರೆ ಸಿಲಿಂಡರ್‌ಗಳ ಟೈಮಿಂಗ್ ಬೇರೆಬೇರೆಯಾಗಿ ಐಡಲ್‌ನಲ್ಲಿ ಕುಂಟುತ್ತದೆ. ಹೊಸ ಪಾಯಿಂಟ್ ಮೇಲೂ ಎಣ್ಣೆಯ ತೆಳುಪದರ ಇರುತ್ತದೆ. ಸ್ಪಿರಿಟ್ ತೇವದ ಕಾಗದದ ಪಟ್ಟಿಯನ್ನು ನಡುವೆ ಎಳೆದಾಯಿತು.

ಫ್ಲೈವೀಲ್ ಕೂರುವ ಟೇಪರ್ (ಶಾಫ್ಟಿನ ಇಳಿಜಾರು ತುದಿ) ಒಣಗಿರಲಿ, ಗ್ರೀಸ್ ಸೋಕಬಾರದು. ನಟ್ 40–45 ಅಡಿ-ಪೌಂಡ್. ಸಡಿಲ ಬಿಟ್ಟರೆ ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಕೀ ಕತ್ತರಿಸಿಹೋಗುತ್ತದೆ. ಪ್ಲಗ್ ಜೆ6ಸಿ, ಅಂತರ 0.030. ಈಗ ಎರಡೂ ಕಡೆ ಚಟಚಟ ಸದ್ದಿನ ನೀಲಿ ಕಿಡಿ!

3ನೇ ವಾರ. ಕಾರ್ಬೊರೇಟರ್. ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಬೆಂಡಿನದು. ಅದರ ವಾರ್ನಿಷ್ ಎಥನಾಲ್‌ಗೆ ಕರಗುತ್ತದೆ, ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬೊರೇಟರ್ ತುಂಬಿ ಚೆಲ್ಲುತ್ತದೆ. ನಮ್ಮ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಹಾಕುವವರು ಇದನ್ನು ಮೊದಲೇ ಗಮನಿಸಬೇಕು. ಫ್ಲೋಟ್ ಒಣಗಿಸಿ, ಹಳೇ ಪದರ ಕೆರೆದು, ತೆಳು ಸೂಪರ್‌ಗ್ಲೂ ಎರಡು ಸಲ ಬಳಿದಾಯಿತು.

ಮಿಶ್ರಣ 24:1, ಅಂದರೆ 6 ಲೀಟರ್‌ಗೆ 250 ಮಿಲಿ ಟಿಸಿ-ಡಬ್ಲ್ಯು3 (ದೋಣಿ ಎಂಜಿನ್‌ನ ಟೂ-ಸ್ಟ್ರೋಕ್) ಆಯಿಲ್. ಟ್ಯಾಂಕ್ ಒತ್ತಡದ್ದು, ಜೋಡಿ ಕೊಳವೆಯದು. ಒಂದು ಕೊಳವೆ ಕ್ರ್ಯಾಂಕ್‌ಕೇಸ್ ಗಾಳಿಯನ್ನು ಟ್ಯಾಂಕಿಗೆ ಒಯ್ಯುತ್ತದೆ, ಇನ್ನೊಂದರಲ್ಲಿ ಪೆಟ್ರೋಲ್ ಬರುತ್ತದೆ. ಮುಚ್ಚಳದ ಗ್ಯಾಸ್ಕೆಟ್ ಸೋರಿದರೆ ಎರಡು ನಿಮಿಷ ಓಡಿ ನಿಲ್ಲುತ್ತದೆ.

ಆರಂಭಕ್ಕೆ, ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂಗಳಲ್ಲಿ ಹೈ-ಸ್ಪೀಡ್ ನೀಡಲ್ ಪೂರ್ತಿ ಮುಚ್ಚಿದಲ್ಲಿಂದ ಒಂದು ಸುತ್ತು, ಲೋ-ಸ್ಪೀಡ್ ಒಂದೂವರೆ ಸುತ್ತು ಹೊರಕ್ಕೆ. ಎಂಜಿನ್ ಬಿಸಿಯಾದ ಮೇಲೆ ಲೋ-ಸ್ಪೀಡನ್ನು ಎಂಟನೇ ಒಂದು ಸುತ್ತಿನಷ್ಟು ಒಳಕ್ಕೆ ತಿರುಗಿಸಿ ಸ್ವಲ್ಪ ಕಾಯುವುದು. ಕಾರ್ಬೊರೇಟರ್ ಮೂಲಕ ಎಂಜಿನ್ ಸೀನಿದರೆ ಪೆಟ್ರೋಲ್ ಸಾಲದು ಎಂದರ್ಥ. ಅಷ್ಟೇ ಹೊರಕ್ಕೆ ತನ್ನಿ. ಹೈ-ಸ್ಪೀಡ್ ಹೊಂದಿಕೆ ನೀರು ತುಂಬಿದ ಡ್ರಮ್‌ನಲ್ಲಿ ಆಗದು. ನೀರಿನಲ್ಲಿ ಗಾಳಿ ಬೆರೆತು ಪ್ರೊಪೆಲ್ಲರ್‌ಗೆ ಭಾರ ಸಿಗುವುದಿಲ್ಲ, ದೋಣಿಗೇ ಕಟ್ಟಬೇಕು.

ಬಾಕಿ. ತಂಪಿನ ನೀರು ಎತ್ತುವ ರಬ್ಬರ್ ಇಂಪೆಲ್ಲರ್‌ನ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿವೆ, ಹೊಸದು ಬರಬೇಕು. ಗೇರ್‌ಕೇಸ್‌ನ ಕೆಳಗಿನ ತೂತಿನಿಂದ ಇಳಿದ ಗೇರ್ ಆಯಿಲ್ ಮಜ್ಜಿಗೆಯ ಬಣ್ಣಕ್ಕಿದೆ, ನೀರು ನುಗ್ಗಿದೆ. ಸೀಲ್ ಬದಲಿಸಿ, ಕೆಳಗಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಆಯಿಲ್ ಕಾಣುವ ತನಕ ಒತ್ತಬೇಕು. ಅಲ್ಲಿಯವರೆಗೆ ದೋಣಿಗೆ ಕಟ್ಟುವುದಿಲ್ಲ.